ಪಿನ್ ಕೇಳಬೇಡಿ, ರಸ್ತೆ ನಂಬರ್ ಕೇಳಿ

ಮೇ ತಿಂಗಳು ಬಂದರೆ ಸಾಕು, ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸಿನಲ್ಲಿರುವ ನಮ್ಮ ಕ್ಯಾಂಪಿಂಗ್ ಸಾಮಾನಿನ ಅಂಗಡಿಯಲ್ಲಿ ಟೆಂಟಿನ ಬಾಡಿಗೆ ಎಷ್ಟು ಅಂತ ಕೇಳುವವರಿಗಿಂತ ‘ಫ್ಲ್ಯಾಗ್‌ಸ್ಟಾಫ್ ಹತ್ರ ಒಂದು ಒಳ್ಳೆ ಸ್ಪಾಟ್ ಇದ್ರೆ ಪಿನ್ ಕಳ್ಸಿ ಮೇಡಂ’ ಅನ್ನುವವರೇ ಜಾಸ್ತಿ. ಪಿನ್ ಅಂದರೆ ಫೋನಿನ ಮ್ಯಾಪಿನಲ್ಲಿ ಆ ಜಾಗಕ್ಕೆ ಚುಚ್ಚಿದ ಗುರುತು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಇಲ್ಲಿ ಬಿಸಿಲು 43 ಡಿಗ್ರಿ ದಾಟುತ್ತದೆ. ಮಕ್ಕಳಿಗೆ ರಜ. ಎರಡೂವರೆ ಗಂಟೆ ಗಾಡಿ ಓಡಿಸಿದರೆ ಸುಮಾರು 7,000 ಅಡಿ ಎತ್ತರದಲ್ಲಿ ಪಾಂಡರೋಸಾ ಪೈನ್ ಕಾಡು, ಜೂನ್‌ನಲ್ಲೂ ರಾತ್ರಿ ಸ್ವೆಟರ್ ಕೇಳುವ ಚಳಿ. ಬುಕ್ ಮಾಡುವ ಕ್ಯಾಂಪ್‌ಗ್ರೌಂಡುಗಳು ತುಂಬಾ ಮುಂಚೆಯೇ ತುಂಬಿಹೋಗಿರುತ್ತವೆ. ಅಷ್ಟರಲ್ಲಿ ಆಫೀಸಿನಲ್ಲಿ ಯಾರೋ ಹೇಳುತ್ತಾರೆ, ಇಲ್ಲಿನ ಕಾಡಿನಲ್ಲಿ ಎಲ್ಲಿ ಬೇಕಾದರೂ ಟೆಂಟ್ ಹಾಕಬಹುದು, ದುಡ್ಡೂ ಬೇಡ ಬುಕಿಂಗೂ ಬೇಡ, ಇದಕ್ಕೆ ಡಿಸ್ಪರ್ಸ್ಡ್ ಕ್ಯಾಂಪಿಂಗ್ ಅಂತಾರೆ, ಅಂತ.

ದುಡ್ಡು ಬೇಡ, ಬುಕಿಂಗ್ ಬೇಡ ಅನ್ನುವುದು ಬಹುಪಾಲು ನಿಜ. ನಲ್ಲಿ, ಕಕ್ಕಸು, ಕಸದ ಡಬ್ಬಿ, ಮೇಜು ಒಂದೂ ಇರುವುದಿಲ್ಲ ಅನ್ನುವುದೂ ನಿಜ, ಅದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ‘ಎಲ್ಲಿ ಬೇಕಾದರೂ’ ಅನ್ನುವ ಮಾತಿನಲ್ಲಿ ಮಾತ್ರ ನಮ್ಮ ಜನ ಸಿಕ್ಕಿಬೀಳುತ್ತಾರೆ.

ಪಿನ್ ಯಾಕೆ ಕೊಡಲ್ಲ ಅಂದರೆ ಕೆಲವರಿಗೆ ಬೇಜಾರಾಗುತ್ತದೆ, ನಾನು ಗುಟ್ಟು ಮಾಡುತ್ತಿದ್ದೇನೆ ಅನ್ನಿಸುತ್ತದೆ. ಗುಟ್ಟೇನಿಲ್ಲ. ನಾನು ಕೊಟ್ಟ ಜಾಗಕ್ಕೆ ನೀವು ಶುಕ್ರವಾರ ರಾತ್ರಿ ಒಂಬತ್ತಕ್ಕೆ ಹೋದಾಗ ಅಲ್ಲಿ ಆಗಲೇ ಇನ್ನೊಬ್ಬರ ಟೆಂಟ್ ಎದ್ದಿರುತ್ತದೆ, ಮುಂದೇನು ಅಂತ ನಿಮಗೆ ಗೊತ್ತಿರುವುದಿಲ್ಲ, ಫೋನಿಗೆ ಸಿಗ್ನಲ್ ಇರುವುದಿಲ್ಲ, ಹಿಂದಿನ ಸೀಟಿನಲ್ಲಿ ಮಕ್ಕಳು ಅಳುತ್ತಿರುತ್ತವೆ, ಕತ್ತಲಲ್ಲಿ ಕಂಡ ಯಾವುದೋ ಟೈರಿನ ಗುರುತು ಹಿಡಿದು ನೀವು ಮರಗಳ ನಡುವೆ ನುಗ್ಗುತ್ತೀರಿ. ಅದೂ ಅಲ್ಲದೆ ಪಿನ್ನು ಹಳೆಯದಾಗುತ್ತದೆ. ಸೆಡೋನಾ ಊರಿನ ಪಶ್ಚಿಮಕ್ಕೆ ಫಾರೆಸ್ಟ್ ರೋಡ್ 525ರ ಸುತ್ತ ಮೊದಲು ಎಲ್ಲೆಂದರಲ್ಲಿ ಟೆಂಟ್ ಹಾಕುತ್ತಿದ್ದರು. ಜನ ಜಾಸ್ತಿಯಾಗಿ ಕಸ, ಹೊಲಸು ಎರಡೂ ಮಿತಿಮೀರಿತು. ಈಗ ಅಲ್ಲಿ ಅರಣ್ಯ ಇಲಾಖೆ ಗುರುತು ಮಾಡಿದ ಕಡೆಗಳಲ್ಲಿ ಮಾತ್ರ. ಆದರೆ ಹಳೇ ಪಿನ್ನುಗಳು ವಾಟ್ಸ್ಆ್ಯಪ್ ಗುಂಪಿನಿಂದ ಗುಂಪಿಗೆ ಇನ್ನೂ ಓಡಾಡುತ್ತಲೇ ಇವೆ.

ಚಾಂಡ್ಲರಿನ ಒಂದು ಸಂಸಾರ ಬಂದಿತ್ತು. ಮಗ, ಸೊಸೆ, ಹಾಸನದಿಂದ ಬಂದಿದ್ದ ಅಮ್ಮ. ಮಗ ಫೋನಿನಲ್ಲಿ ಆ್ಯಪ್ ತೆರೆದು ಒಂದು ಜಾಗ ತೋರಿಸುತ್ತಿದ್ದರು. ಅಮ್ಮ ನಮ್ಮ ಅಂಗಡಿಯ ಮಡಚುವ ಕುರ್ಚಿಯೊಂದರಲ್ಲಿ ಕೂತು ಸುಮ್ನೆ ಕೇಳಿಸಿಕೊಳ್ಳುತ್ತಿದ್ದವರು ನಡುವೆ ಬಾಯಿ ಹಾಕಿದರು: ‘ಅಲ್ಲ ಕಣಪ್ಪಾ, ಆ ಜಾಗ ಯಾರ್ದು? ಕೇಳಿದೀಯಾ?’ ಮಗ ನಕ್ಕು, ‘ಅಮ್ಮ, ಇದು ಅಮೆರಿಕ, ಎಲ್ಲಾ ಪಬ್ಲಿಕ್ ಲ್ಯಾಂಡ್’ ಅಂದರು. ನನಗೆ ಆ ಅಮ್ಮನನ್ನು ಕೌಂಟರಿನ ಈಚೆಗೆ ಕರೆದು ಕೆಲಸಕ್ಕೆ ಇಟ್ಟುಕೊಳ್ಳಬೇಕು ಅನ್ನಿಸಿತು. ಎಲ್ಲರೂ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಅವರೊಬ್ಬರೇ ಕೇಳಿದ್ದು.

ಗೂಗಲ್ ಮ್ಯಾಪಿನಲ್ಲಿ ಹಸಿರು ಕಂಡ ತಕ್ಷಣ ಅದು ಸರ್ಕಾರಿ ಕಾಡು ಅಂದುಕೊಳ್ಳಬೇಡಿ. ನ್ಯಾಷನಲ್ ಫಾರೆಸ್ಟ್ ಅನ್ನುವ ಸರ್ಕಾರಿ ಕಾಡಿನ ಗಡಿಯೊಳಗೇ ಖಾಸಗಿ ಜಮೀನು ಇರುತ್ತದೆ. 1866ರಲ್ಲಿ ಅಟ್ಲಾಂಟಿಕ್ ಆ್ಯಂಡ್ ಪೆಸಿಫಿಕ್ ರೈಲು ಕಂಪನಿಗೆ ಹಳಿಯ ಎರಡೂ ಕಡೆ ಒಂದು ಬಿಟ್ಟು ಒಂದರಂತೆ ಚದರ ಮೈಲಿಗಳನ್ನು ಕೊಡಲಾಯಿತು. ಆ ಲೆಕ್ಕದಿಂದ ಇವತ್ತಿಗೂ ಉತ್ತರ ಅರಿಜೋನಾದ ಹೈವೇ 40ರ ಅಕ್ಕಪಕ್ಕ ಎಷ್ಟೋ ಕಡೆ ಭೂಮಿ ಚೌಕಾಬಾರದ ಮನೆಗಳಂತೆ ಒಂದು ಖಾಸಗಿ, ಒಂದು ಸರ್ಕಾರಿ ಅಂತ ಹಂಚಿಹೋಗಿದೆ. ಬೇಲಿ ಇರಬಹುದು, ಇಲ್ಲದೆಯೂ ಇರಬಹುದು. ಇನ್ನು ಸ್ಟೇಟ್ ಟ್ರಸ್ಟ್ ಲ್ಯಾಂಡ್ ಅಂತ ರಾಜ್ಯ ಸರ್ಕಾರದ ಕೈಯಲ್ಲಿರುವ ಜಮೀನಿದೆ, ಅದು ಪಬ್ಲಿಕ್ ಲ್ಯಾಂಡ್ ಅಂತ ಕೇಳಿಸಿದರೂ ಪರ್ಮಿಟ್ ಇಲ್ಲದೆ ಉಳಿಯುವ ಹಾಗಿಲ್ಲ. ಈಶಾನ್ಯಕ್ಕೆ ಹೋದರೆ ನವಾಹೊ ನೇಷನ್, ಅದು ನವಾಹೊ ಮೂಲನಿವಾಸಿಗಳ ನೆಲ, ಅವರ ಅನುಮತಿ ಬೇಕು.

ನ್ಯಾಷನಲ್ ಪಾರ್ಕ್ ಬೇರೆ, ನ್ಯಾಷನಲ್ ಫಾರೆಸ್ಟ್ ಬೇರೆ, ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಗ್ರ್ಯಾಂಡ್ ಕ್ಯಾನ್ಯನ್ ಪಾರ್ಕಿನೊಳಗೆ ರಸ್ತೆ ಪಕ್ಕ ಕಾರು ನಿಲ್ಲಿಸಿ ಟೆಂಟ್ ಹಾಕಿದರೆ ರೇಂಜರ್ ಬಂದು ಎಬ್ಬಿಸುತ್ತಾರೆ. ಅದೇ ಪಾರ್ಕಿನ ದಕ್ಷಿಣ ಗೇಟಿನ ಹೊರಗೆ, ಟುಸಾಯಾನ್ ಊರಿನ ಪಕ್ಕದಲ್ಲಿ ಫಾರೆಸ್ಟ್ ರೋಡ್ 302 ಹಿಡಿದರೆ ಕೈಬಾಬ್ ನ್ಯಾಷನಲ್ ಫಾರೆಸ್ಟ್. ಅಲ್ಲಿ ಜನ ಆರಾಮಾಗಿ ಉಳಿಯುತ್ತಾರೆ. ನೋಡಿ, ರಸ್ತೆ ನಂಬರ್ ಹೇಳಲು ನನಗೆ ಯಾವ ಜಿಪುಣತನವೂ ಇಲ್ಲ.

ಈಗ ಮುಖ್ಯ ವಿಷಯ. ಪ್ರತಿ ನ್ಯಾಷನಲ್ ಫಾರೆಸ್ಟಿಗೂ ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್ ಅಂತ ಒಂದು ನಕ್ಷೆ ಇರುತ್ತದೆ. 2005ರಲ್ಲಿ ಬಂದ ನಿಯಮದಿಂದ ಹುಟ್ಟಿದ್ದು. ಬಿಟ್ಟಿ ಸಿಗುತ್ತದೆ. ರೇಂಜರ್ ಕಚೇರಿಯಲ್ಲಿ ಕಾಗದದ್ದು ತಗೊಳ್ಳಬಹುದು, ಅವೆನ್ಜಾ ಆ್ಯಪಿಗೆ ಇಳಿಸಿಕೊಂಡರೆ ಸಿಗ್ನಲ್ ಇಲ್ಲದಿದ್ದರೂ ನೀವು ಎಲ್ಲಿದ್ದೀರಿ ಅಂತ ನೀಲಿ ಚುಕ್ಕಿ ತೋರಿಸುತ್ತದೆ. ನೋಡಲು ಚಂದ ಇಲ್ಲ. ಸಾಮಾನ್ಯವಾಗಿ ಕಪ್ಪು ಬಿಳುಪು, ಬೆಟ್ಟದ ಗೆರೆ ಇಲ್ಲ, ಕಾಡಿನ ಬಣ್ಣ ಇಲ್ಲ, ಅಂಚಿನಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದ ಕೋಷ್ಟಕ. ಕೊಟ್ಟರೆ ಗಿರಾಕಿಗಳು ಎರಡು ಸೆಕೆಂಡ್ ನೋಡಿ ವಾಪಸ್ ಕೊಟ್ಟುಬಿಡುತ್ತಾರೆ. ಆದರೆ ಗಾಡಿ ಎಲ್ಲಿ ಓಡಬಹುದು ಅನ್ನುವ ವಿಷಯದಲ್ಲಿ ಕಾನೂನು ಇದೇ ನಕ್ಷೆ. ಅದರಲ್ಲಿ ಇಲ್ಲದ ರಸ್ತೆ ನಿಮ್ಮ ಕಾರಿನ ಪಾಲಿಗೆ ಇಲ್ಲವೇ ಇಲ್ಲ, ನೆಲದ ಮೇಲೆ ಕಣ್ಣಿಗೆ ಕಾಣುತ್ತಿದ್ದರೂ, ನಿನ್ನೆಯ ಟೈರಿನ ಗುರುತು ಇದ್ದರೂ, ಅಡ್ಡಕ್ಕೆ ಗೇಟ್ ಹಾಕಿರದಿದ್ದರೂ. ‘ಬೋರ್ಡ್ ಇರ್ಲಿಲ್ಲ’ ಅನ್ನುವ ಮಾತು ಅಲ್ಲಿ ನಡೆಯಲ್ಲ.

ಆ ನಕ್ಷೆಯಲ್ಲಿ ಕೆಲವು ರಸ್ತೆಗಳ ಅಂಚಿಗೆ ಚುಕ್ಕಿಗಳ ಸಾಲು ಇರುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಚುಕ್ಕಿ ಇದ್ದರೆ ಕ್ಯಾಂಪಿಂಗ್ ಉಂಟು, ಇಲ್ಲದಿದ್ದರೆ ಇಲ್ಲ ಅಂತ ಓದುತ್ತಾರೆ. ತಪ್ಪು. ಚುಕ್ಕಿ ಹೇಳುವುದು ಟೆಂಟಿನ ಬಗ್ಗೆ ಅಲ್ಲ, ಕಾರಿನ ಬಗ್ಗೆ. ಚುಕ್ಕಿ ಇರುವ ರಸ್ತೆಯಲ್ಲಿ, ಕ್ಯಾಂಪ್ ಮಾಡುವುದಕ್ಕಾಗಿ ಕಾರನ್ನು ರಸ್ತೆಯಿಂದ ಕೆಳಗಿಳಿಸಿ ಇಷ್ಟು ದೂರ ಒಳಗೆ ಓಡಿಸಬಹುದು ಅಂತ ಅರ್ಥ. ಫ್ಲ್ಯಾಗ್‌ಸ್ಟಾಫ್ ಸುತ್ತಲಿನ ಕೊಕೊನೀನೊ ಫಾರೆಸ್ಟಿನಲ್ಲಿ ಆ ದೂರ 300 ಅಡಿ. ಬೇರೆ ಫಾರೆಸ್ಟಿನಲ್ಲಿ ಬೇರೆ ಇರಬಹುದು, ಆಯಾ ನಕ್ಷೆಯಲ್ಲೇ ಬರೆದಿರುತ್ತಾರೆ.

ಚುಕ್ಕಿ ಇಲ್ಲದ ರಸ್ತೆಯಲ್ಲಿ? ಕಾರನ್ನು ರಸ್ತೆಯ ಅಂಚಿನಲ್ಲೇ, ಬೇರೆ ಗಾಡಿಗೆ ದಾರಿ ಬಿಟ್ಟು ನಿಲ್ಲಿಸಿ. ಟೆಂಟು, ಚಾಪೆ, ಪಾತ್ರೆ ಹೊತ್ತುಕೊಂಡು ಒಳಗೆ ನಡೆಯಿರಿ. ಆ ಪ್ರದೇಶಕ್ಕೆ ಕ್ಯಾಂಪಿಂಗ್ ನಿಷೇಧದ ಆದೇಶ ಇಲ್ಲದಿದ್ದರೆ ಅಲ್ಲೂ ಉಳಿಯಬಹುದು. ಇನ್ನೊಂದು ಸಲ ಹೇಳುತ್ತೇನೆ, ಯಾಕೆಂದರೆ ಕೌಂಟರಿನಲ್ಲಿ ತಲೆಯಾಡಿಸಿ ಹೋದವರೇ ಸೋಮವಾರ ಬಂದು ದಂಡದ ಚೀಟಿ ತೋರಿಸುತ್ತಾರೆ: ಚುಕ್ಕಿ ಇದ್ದರೆ ಕಾರು ಒಳಗೆ, ಚುಕ್ಕಿ ಇಲ್ಲದಿದ್ದರೆ ಕಾರು ಅಂಚಿಗೆ, ಟೆಂಟು ನಿಮ್ಮ ಹೆಗಲಿಗೆ. ಇದರಿಂದ ಒಂದು ಲಾಭವೂ ಇದೆ. ಚುಕ್ಕಿ ರಸ್ತೆಗಳಲ್ಲಿ ಶನಿವಾರ ಜನರೇಟರುಗಳ ಗದ್ದಲ. ಚುಕ್ಕಿ ಇಲ್ಲದ ಕಡೆ ಇನ್ನೂರು ಹೆಜ್ಜೆ ಸಾಮಾನು ಹೊರಲು ತಯಾರಿದ್ದರೆ ಹಕ್ಕಿ ಕೂಗು ಬಿಟ್ಟು ಬೇರೆ ಸದ್ದಿಲ್ಲ. ಆದರೆ ನಮ್ಮವರು ಇಡ್ಲಿ ಕುಕ್ಕರ್, ಐದು ಲೀಟರ್ ಹಿಟ್ಟು, ಕೇರಂ ಬೋರ್ಡ್ ತರುತ್ತಾರಲ್ಲ, ಇನ್ನೂರು ಹೆಜ್ಜೆ ಹೇಗೆ ಹೊರುತ್ತಾರೆ ಪಾಪ.

ಕೆಲವು ಕಡೆ ಮೂರನೇ ಲೆಕ್ಕವೂ ಇದೆ. ಜನ ಜಾಸ್ತಿ ಬರುವ ರಸ್ತೆಗಳಲ್ಲಿ, ಉದಾಹರಣೆಗೆ ಫ್ಲ್ಯಾಗ್‌ಸ್ಟಾಫ್ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೊ ಪೀಕ್ಸ್ ಬೆಟ್ಟಗಳ ಬುಡದ ಫ್ರೀಡ್ಲೈನ್ ಪ್ರೇರಿ ರಸ್ತೆಯಲ್ಲಿ, ಗುರುತು ಹಾಕಿದ ಜಾಗಗಳಲ್ಲಿ ಮಾತ್ರ ಉಳಿಯಬೇಕು. ತುಂಬಿದ್ದರೆ ಮುಂದಕ್ಕೆ ಹೋಗಬೇಕು ಅಷ್ಟೇ.

ಹಾಗಾದರೆ ಜಾಗ ಹುಡುಕುವುದು ಹೇಗೆ? ನಕ್ಷೆಯಲ್ಲಿ ಒಂದಲ್ಲ, ಮೂರು ರಸ್ತೆ ಆರಿಸಿಕೊಳ್ಳಿ. ಮನೆಯಲ್ಲೇ ಕೂತು ಉಪಗ್ರಹದ ಚಿತ್ರದಲ್ಲಿ ಆ ರಸ್ತೆಗಳನ್ನು ಹಿಗ್ಗಿಸಿ ನೋಡಿ. ರಸ್ತೆಯಿಂದ ಕವಲೊಡೆದು ಮರಗಳ ನಡುವೆ ಸಣ್ಣ ಬೋಳು ಜಾಗದಲ್ಲಿ ನಿಲ್ಲುವ ಗೀರುಗಳು ಕಾಣುತ್ತವೆ. ಅವೇ ಹಳಬರು ಉಳಿದ ಜಾಗಗಳು. ಅಂಥ ಕಡೆಯೇ ಉಳಿಯಿರಿ, ಹೊಸ ಹುಲ್ಲು ತುಳಿದು ಹೊಸ ಜಾಗ ಮಾಡಬೇಡಿ. ಬೆಳಕಿರುವಾಗ ತಲುಪಿ. ಒಂದನೇ ರಸ್ತೆ ತುಂಬಿದ್ದರೆ ಎರಡನೆಯದು. ಅದಕ್ಕೇ ನಾನು ಪಿನ್ ಕೊಡದೆ ರಸ್ತೆ ಕೊಡುವುದು. ಪಿನ್ನಿನಲ್ಲಿ ಒಂದು ಟೆಂಟು ಹಿಡಿಯುತ್ತದೆ, ರಸ್ತೆಯಲ್ಲಿ ಹತ್ತಾರು.

ಕಾರಿನ ಬಗ್ಗೆ ಒಂದು ಮಾತು. ಕಾಡಿನ ರಸ್ತೆಯ ಕಂಬದಲ್ಲಿ ನಂಬರನ್ನು ಅಡ್ಡಡ್ಡ ಬರೆದಿದ್ದರೆ ಸಾಮಾನ್ಯವಾಗಿ ನಿಮ್ಮ ಕ್ಯಾಮ್ರಿ ಹೋಗುತ್ತದೆ. ಅಂಕಿಗಳು ಒಂದರ ಕೆಳಗೊಂದು ನಿಂತಿದ್ದರೆ ಆ ರಸ್ತೆ ಹೊಟ್ಟೆ ನೆಲದಿಂದ ಎತ್ತರವಿರುವ ಗಾಡಿಗೆ. ಸಾಮಾನ್ಯವಾಗಿ ಅಂದೆ, ಗಮನಿಸಿ. ಒಂದು ಮಳೆ ಬಿದ್ದರೆ ಅಡ್ಡ ನಂಬರಿನ ರಸ್ತೆಯೂ ಕೆಸರಾಗುತ್ತದೆ, ಜುಲೈ, ಆಗಸ್ಟ್‌ನ ಮಾನ್ಸೂನಿನಲ್ಲಿ ಮಧ್ಯಾಹ್ನ ಎರಡಾದರೆ ಗುಡುಗು ಶುರು. ಬಾಡಿಗೆ ಕಾರಾದರೆ ಕರಾರು ಪತ್ರ ಓದಿ, ಡಾಂಬರು ಬಿಟ್ಟು ಇಳಿಸಬಾರದು ಅಂತ ಬಹಳಷ್ಟು ಕಂಪನಿಗಳು ಬರೆದಿರುತ್ತವೆ. ಕಾಡಿನೊಳಗಿಂದ ಗಾಡಿ ಎಳೆಸುವ ಖರ್ಚು ನೂರಾರು ಡಾಲರ್, ಅದೂ ಬರುವವರು ಸಿಕ್ಕಿದರೆ.

ನೀರು ಕಂಡ ಕಡೆ ಟೆಂಟ್ ಹಾಕುವ ಚಪಲ ನಮಗೆ ಜಾಸ್ತಿ. ಅರಿಜೋನಾದಲ್ಲಿ ಅದಕ್ಕೊಂದು ಕಾನೂನಿದೆ. ಕಾಡುಪ್ರಾಣಿ, ದನಕರು ನೀರಿಗೆ ಬರಲು ಅಡ್ಡಿಯಾಗುವಂತೆ ಹೊಂಡ, ಗೋಕಟ್ಟೆಗಳ ಕಾಲು ಮೈಲಿಯೊಳಗೆ ಕ್ಯಾಂಪ್ ಮಾಡುವಂತಿಲ್ಲ. ಈ ಒಣ ನಾಡಿನಲ್ಲಿ ಜಿಂಕೆಗೆ ಸುತ್ತಮುತ್ತ ಅದೊಂದೇ ನೀರು ಇರಬಹುದು, ನೀವು ಅದರ ದಡದಲ್ಲಿ ಸ್ಪೀಕರ್ ಹಾಕಿ ಕೂತರೆ ಅದು ರಾತ್ರಿಯಿಡೀ ಮರೆಯಲ್ಲೇ ನಿಲ್ಲುತ್ತದೆ. ನಿಮ್ಮ ನೀರು ನೀವೇ ತನ್ನಿ, ತಲೆಗೆ ದಿನಕ್ಕೆ ಒಂದು ಗ್ಯಾಲನ್.

ಬೆಂಕಿಯ ವಿಷಯಕ್ಕೆ ನನಗೆ ತಾಳ್ಮೆ ಕಮ್ಮಿ. 2010ರ ಜೂನ್‌ನಲ್ಲಿ ಯಾರೋ ಆರಿಸದೆ ಬಿಟ್ಟುಹೋದ ಕ್ಯಾಂಪ್ ಬೆಂಕಿಯಿಂದ ಫ್ಲ್ಯಾಗ್‌ಸ್ಟಾಫ್ ಹತ್ತಿರ ಶುಲ್ಟ್ಸ್ ಕಾಡ್ಗಿಚ್ಚು ಹೊತ್ತಿ 15,000 ಎಕರೆ ಸುಟ್ಟಿತು. ಮುಂದಿನ ತಿಂಗಳ ಮಳೆಗೆ ಸುಟ್ಟ ಬೆಟ್ಟದಿಂದ ನೀರು ನುಗ್ಗಿ ಒಬ್ಬ ಹುಡುಗಿ ಸತ್ತಳು. 2022ರ ಜೂನ್‌ನಲ್ಲಿ ಪೈಪ್‌ಲೈನ್ ಕಾಡ್ಗಿಚ್ಚು, 26,000 ಎಕರೆಗೂ ಹೆಚ್ಚು. ಅದು ಶುರುವಾದದ್ದು ಕ್ಯಾಂಪ್ ಮಾಡುತ್ತಿದ್ದವರೊಬ್ಬರು ಬಳಸಿದ ಟಾಯ್ಲೆಟ್ ಪೇಪರ್ ಸುಟ್ಟು ಕಲ್ಲಿನಡಿ ಇಟ್ಟಿದ್ದರಿಂದ. ಈ ಒಂದು ವಿಷಯದಲ್ಲಿ ಚೊಂಬು ಹಿಡಿದು ಹೋಗುವ ನಮ್ಮವರು ಮುಂದಿದ್ದಾರೆ ಅಂತ ನಾನು ಅಂಗಡಿಯಲ್ಲಿ ಹೇಳಿ ನಗಿಸುತ್ತೇನೆ. ಚೊಂಬಾದರೂ ಆರರಿಂದ ಎಂಟು ಇಂಚು ಗುಂಡಿ ತೋಡಬೇಕು, ನೀರಿನಿಂದ 200 ಅಡಿ ದೂರ, ಆಮೇಲೆ ಮಣ್ಣು ಮುಚ್ಚಬೇಕು. ಪೇಪರ್ ಬಳಸಿದರೆ ಚೀಲದಲ್ಲಿ ಕಟ್ಟಿ ವಾಪಸ್ ತನ್ನಿ.

ಮೇ, ಜೂನ್‌ನಲ್ಲಿ ಬೆಂಕಿಯ ನಿರ್ಬಂಧ ಬಂದೇ ಬರುತ್ತದೆ ಅಂದುಕೊಂಡು ಹೊರಡಿ. ಸ್ಟೇಜ್ 1, ಅಂದರೆ ನಿರ್ಬಂಧದ ಮೊದಲ ಹಂತ, ಅಷ್ಟೇ ಇದ್ದರೂ ಇಂಥ ಜಾಗಗಳಲ್ಲಿ ಸೌದೆ ಬೆಂಕಿ, ಇದ್ದಿಲ ಬೆಂಕಿ ಎರಡೂ ಇಲ್ಲ. ಬಂದ್ ಮಾಡುವ ತಿರುಗಣೆ ಇರುವ ಗ್ಯಾಸ್ ಸ್ಟವ್‌ಗೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ಒಣಗಿದ ವರ್ಷಗಳಲ್ಲಿ ಕಾಡನ್ನೇ ಮುಚ್ಚಿಬಿಡುತ್ತಾರೆ, ಆಗ ನಕ್ಷೆ, ಚುಕ್ಕಿ ಯಾವುದೂ ಲೆಕ್ಕಕ್ಕಿಲ್ಲ. ನಾನು ಅಂಗಡಿಯವಳು, ರೇಂಜರ್ ಅಲ್ಲ. ಆದೇಶಗಳು ವಾರಕ್ಕೊಮ್ಮೆಯೂ ಬದಲಾಗಬಹುದು. ಆದ್ದರಿಂದ ಹೊರಡುವ ಮುಂಚೆ ಆ ಭಾಗದ ರೇಂಜರ್ ಡಿಸ್ಟ್ರಿಕ್ಟ್ ಕಚೇರಿಗೆ ಫೋನ್ ಮಾಡಿ ಮೂರು ಕೇಳಿ: ಈ ನಂಬರಿನ ರಸ್ತೆ ತೆರೆದಿದೆಯಾ, ಈಗ ಬೆಂಕಿಯ ನಿರ್ಬಂಧ ಯಾವ ಸ್ಟೇಜ್, ಆ ರಸ್ತೆಗೆ ಹೊಸದಾಗಿ ಕ್ಯಾಂಪಿಂಗ್ ನಿಷೇಧ ಏನಾದರೂ ಬಂದಿದೆಯಾ. ರಸ್ತೆ ನಂಬರ್ ಹೇಳಿದರೆ ಅವರು ಖುಷಿಯಾಗಿ ಉತ್ತರ ಕೊಡುತ್ತಾರೆ, ‘ಒಳ್ಳೆ ಸ್ಪಾಟ್ ಯಾವುದು’ ಅಂದರೆ ಅವರಿಗೂ ನನ್ನ ಹಾಗೇ ಸುಸ್ತಾಗುತ್ತದೆ. ಫೋನನ್ನು ಗುರುವಾರವೇ ಮಾಡಿ. ಶನಿವಾರ ಬೆಳಿಗ್ಗೆ ಹೈವೇಯಿಂದ ಮಾಡಿದರೆ ಬಹಳಷ್ಟು ಕಚೇರಿಗಳಲ್ಲಿ ಎತ್ತುವವರು ಇರುವುದಿಲ್ಲ.