ಟಿಯಾಮಟ್‌ಗೆ ಪುರಾಣದಲ್ಲೂ ಐದು ತಲೆ ಇತ್ತಾ?

ಪ್ರಶ್ನೆ: ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನೋ ಹಳೇ ಕಾರ್ಟೂನ್ ಸರಣಿಯಲ್ಲಿ ಟಿಯಾಮಟ್ ಅಂತ ಐದು ತಲೆಯ ಡ್ರ್ಯಾಗನ್ ಬರುತ್ತಾಳೆ. ಅವಳು ಬ್ಯಾಬಿಲೋನ್ ಪುರಾಣದವಳು ಅಂತಾರೆ. ಅಲ್ಲೂ ಅವಳಿಗೆ ಐದು ತಲೆ ಇತ್ತಾ?

ಇರಲಿಲ್ಲ. ಹೆಸರು ಬ್ಯಾಬಿಲೋನಿನದು, ತಲೆಗಳು ಅಮೆರಿಕದವು.

ಆ ಸರಣಿ 1983ರಿಂದ 1985ರವರೆಗೆ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಬಂತು. ಒಟ್ಟು 27 ಕಂತು. ಅದಕ್ಕೆ ಮೂಲ ಅದೇ ಹೆಸರಿನ ಆಟ. ಆಟದಲ್ಲಿ ಐದು ಬಣ್ಣದ ದುಷ್ಟ ಡ್ರ್ಯಾಗನ್‌ಗಳಿದ್ದವು. ಬಿಳಿಯದು ಹಿಮ ಉಗುಳುತ್ತದೆ, ಕಪ್ಪು ಆಸಿಡ್, ಹಸಿರು ವಿಷಗಾಳಿ, ನೀಲಿ ಸಿಡಿಲು, ಕೆಂಪು ಬೆಂಕಿ. ಐದನ್ನೂ ಒಂದೇ ಮೈಗೆ ಜೋಡಿಸಿ ರಾಣಿ ಮಾಡಿದರು. ಆಟದ 1977ರ ‘ಮಾನ್‌ಸ್ಟರ್ ಮ್ಯಾನುವಲ್’ ಪುಸ್ತಕದಲ್ಲಿ ಅವಳ ಹೆಸರು ಟಿಯಾಮಟ್.

ಪುರಾಣದವಳ ಕಥೆಯೇ ಬೇರೆ. ಅದು ಸಿಗುವುದು ‘ಎನೂಮಾ ಎಲಿಶ್’ ಎಂಬ ಬ್ಯಾಬಿಲೋನಿನ (ಈಗಿನ ಇರಾಕ್) ಕಾವ್ಯದಲ್ಲಿ. ಏಳು ಜೇಡಿಮಣ್ಣಿನ ಫಲಕಗಳ ಮೇಲೆ ಬರೆದ ಕಥೆ. ಅದರಲ್ಲಿ ಟಿಯಾಮಟ್ ಅಂದರೆ ಉಪ್ಪುನೀರು, ಸಮುದ್ರ. ಗಂಡ ಅಪ್ಸು ಸಿಹಿನೀರು. ಎರಡೂ ಬೆರೆತಲ್ಲಿ ದೇವತೆಗಳು ಹುಟ್ಟಿದರು. ನಮ್ಮ ಕರಾವಳಿಯವರು ಅಳಿವೆಯನ್ನು ನೆನೆಸಿಕೊಂಡರೆ ಸಾಕು, ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಮಕ್ಕಳ ಗಲಾಟೆಗೆ ಅಪ್ಸುಗೆ ನಿದ್ದೆ ಇಲ್ಲ. ಕೊಂದುಬಿಡೋಣ ಅಂತಾನೆ. ಬೇಡ ಅನ್ನುವವಳು ಇದೇ ಟಿಯಾಮಟ್! ನಾವೇ ಹೆತ್ತದ್ದನ್ನು ನಾವೇ ಹಾಳು ಮಾಡೋದಾ ಅಂತ ಸಿಟ್ಟಾಗುತ್ತಾಳೆ. ಆಮೇಲೆ ಮಕ್ಕಳೇ ಅಪ್ಸುವನ್ನು ಕೊಂದಾಗ, ಉಳಿದವರು ಹಂಗಿಸಿದಾಗ, ಯುದ್ಧಕ್ಕೆ ನಿಲ್ಲುತ್ತಾಳೆ. ಹನ್ನೊಂದು ಬಗೆಯ ಭೂತಗಳನ್ನು ಹೆರುತ್ತಾಳೆ. ಅದರಲ್ಲಿ ಮೈಯೊಳಗೆ ರಕ್ತದ ಬದಲು ವಿಷ ತುಂಬಿದ ಹಾವುಗಳೂ ಇವೆ. ಇಂಥವಳನ್ನು ಸುಮ್ನೆ ‘ವಿಲನ್’ ಅಂದುಬಿಡಲು ನನಗಂತೂ ಮನಸ್ಸು ಬರಲ್ಲ.

ಕಾರ್ಟೂನಿನವರಿಗೂ ಪೂರ್ತಿ ಬರಲಿಲ್ಲವೇನೋ. ಅಲ್ಲಿ ಮುಖ್ಯ ಖಳ ವೆಂಜರ್. ಅವನಿಗೂ ಇವಳೆಂದರೆ ನಡುಕ. ಒಂದು ಕಂತಿನಲ್ಲಂತೂ ಸರಣಿಯ ನಾಯಕರಾದ ಮಕ್ಕಳು ಅವನ ಕಾಟಕ್ಕೆ ಬೇಸತ್ತು, ಇವಳ ಹತ್ತಿರವೇ ಸಹಾಯ ಕೇಳಲು ಹೋಗುತ್ತಾರೆ. ಯಾರ ಕಡೆಗೂ ಸೇರದ ಹಳೇ ಶಕ್ತಿ ಅನ್ನೋ ಗುಣವೊಂದು ಹೇಗೋ ಉಳಿದುಕೊಂಡಿದೆ.

ಹಾಗಾದರೆ ಅವಳ ರೂಪ ಹೇಗಿತ್ತು? ಕಾವ್ಯ ಸರಿಯಾಗಿ ವರ್ಣಿಸುವುದೇ ಇಲ್ಲ. ಬಾಯಿ, ಹೊಟ್ಟೆ, ಬಾಲ ಇಂಥವು ಅಲ್ಲಲ್ಲಿ ಬರುತ್ತವೆ ಅಷ್ಟೆ. ಆ ಸೀಮೆಯ ಕಥೆಗಳಲ್ಲಿ ಏಳು ತಲೆಯ ಹಾವು ಇದೆ, ನಿಜ. ಆದರೆ ಅದು ನಿನುರ್ತ ದೇವರು ಕೊಂದ ಬೇರೆ ಪ್ರಾಣಿ.

ತಲೆ ಲೆಕ್ಕ ಸಿಗುವುದು ಅವಳು ಸತ್ತ ಮೇಲೆ. ದೇವತೆಗಳ ಪರ ಯುದ್ಧಕ್ಕಿಳಿದ ಮರ್ದುಕ್ ದೇವರು ಬಲೆ ಬೀಸಿ, ಅವಳ ಬಾಯೊಳಗೆ ಬಿರುಗಾಳಿ ನುಗ್ಗಿಸಿ, ಉಬ್ಬಿದ ಹೊಟ್ಟೆಗೆ ಬಾಣ ಬಿಡುತ್ತಾನೆ. ಆಮೇಲೆ ಒಣಗಿಸುವ ಮೀನನ್ನು ಸೀಳಿದ ಹಾಗೆ ಎರಡು ಹೋಳು ಮಾಡುತ್ತಾನೆ. ಹೋಲಿಕೆ ನನ್ನದಲ್ಲ, ಕಾವ್ಯದಲ್ಲೇ ಇದೆ. ಒಂದು ಹೋಳು ಆಕಾಶವಾಯಿತು. ತಲೆಯ ಮೇಲೆ ಬೆಟ್ಟ ಪೇರಿಸಿದ. ಕಣ್ಣುಗಳಿಂದ ಯೂಫ್ರೆಟಿಸ್, ಟೈಗ್ರಿಸ್ ಹರಿದವು.

ಎರಡೇ ನದಿ ನೋಡಿ. ಐದು ತಲೆ ಇದ್ದಿದ್ದರೆ ಇರಾಕಿನಲ್ಲಿ ಹತ್ತು ನದಿ ಹರಿಯಬೇಕಿತ್ತು, ಅಲ್ವಾ?