ಚುಕ್ಕಿ ಬೆಳಗಿದರೆ ಸಾಲದು

ಡಿಎನ್‌ಎ ಮೈಕ್ರೋಅರೇ (ಒಂದೇ ಸ್ಲೈಡಿನಲ್ಲಿ ಹಲವು ಜೀನ್‌ಗಳನ್ನು ಒಟ್ಟಿಗೆ ಪರೀಕ್ಷಿಸುವ ವಿಧಾನ) ಕಲಿಯಲು ಬರುವವರ ಕಣ್ಣೆಲ್ಲ ಸ್ಕ್ಯಾನರ್ ಮೇಲೆ. ಅದರಲ್ಲಿ ಬರುವ ಕೆಂಪು, ಹಸಿರು ಚುಕ್ಕಿಗಳ ಚಿತ್ರ ಚೆಂದವೇ. ಆದರೆ ಫಲಿತಾಂಶ ಕೆಡುವುದು ಹೆಚ್ಚಾಗಿ ಅದಕ್ಕೂ ಮುಂಚೆ, ಸ್ಲೈಡ್ ತೊಳೆಯುವಾಗ.

ಗಾಜಿನ ಸ್ಲೈಡಿನ ಮೇಲೆ ಸಾವಿರಾರು ಚುಕ್ಕಿಗಳಿರುತ್ತವೆ. ಒಂದೊಂದರಲ್ಲೂ ನಮಗೆ ಮೊದಲೇ ಗೊತ್ತಿರುವ ಒಂಟಿ ಎಳೆಯ ಡಿಎನ್‌ಎ, ಅಂದರೆ ಪ್ರೋಬ್. ಪರೀಕ್ಷಿಸಬೇಕಾದ ಡಿಎನ್‌ಎಗೆ ಬೆಳಗುವ ಬಣ್ಣ ಸೇರಿಸಿ ಇದರ ಮೇಲೆ ಹಾಕುತ್ತೇವೆ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಎ ಎದುರು ಟಿ, ಜಿ ಎದುರು ಸಿ ಬಂದರೆ ಎರಡು ಎಳೆ ಅಂಟಿಕೊಳ್ಳುತ್ತವೆ. 1995ರಲ್ಲಿ ಸ್ಟ್ಯಾನ್‌ಫರ್ಡ್‌ನ ಪ್ಯಾಟ್ರಿಕ್ ಬ್ರೌನ್ ತಂಡ ಅರಾಬಿಡಾಪ್ಸಿಸ್ ಗಿಡದ 45 ಜೀನ್‌ಗಳ ಚಟುವಟಿಕೆಯನ್ನು ಅಳೆದದ್ದು ಇದೇ ದಾರಿಯಲ್ಲಿ.

ತೊಂದರೆ ಏನೆಂದರೆ, ಅರೆಬರೆ ಹೊಂದುವ ಎಳೆಗಳೂ ಅಂಟುತ್ತವೆ. ಅವೂ ಬೆಳಗುತ್ತವೆ! ಅವನ್ನು ಬಿಡಿಸಲು ಇರುವ ಹಿಡಿತ ಎರಡು: ಉಪ್ಪು, ಬಿಸಿ. ಡಿಎನ್‌ಎ ಎಳೆಗಳ ಮೇಲೆ ಋಣ ವಿದ್ಯುತ್ ಇರುವುದರಿಂದ ಒಂದನ್ನೊಂದು ದೂಡುತ್ತವೆ. ತೊಳೆಯುವ ದ್ರಾವಣದ ಉಪ್ಪಿನಲ್ಲಿರುವ ಸೋಡಿಯಂ ಆ ದೂಡುವಿಕೆಯನ್ನು ತಗ್ಗಿಸುತ್ತದೆ. ಉಪ್ಪು ಕಡಿಮೆ ಮಾಡುತ್ತಾ, ಬಿಸಿ ಹೆಚ್ಚಿಸುತ್ತಾ ಹೋದರೆ ಮೊದಲು ಸಡಿಲ ಜೋಡಿಗಳು ಬಿಟ್ಟುಹೋಗುತ್ತವೆ. ಅತಿಯಾದರೆ ಸರಿಯಾದ ಜೋಡಿಗಳೂ ಹೋಗುತ್ತವೆ. ಪ್ರೋಬ್‌ನ ಉದ್ದವೂ ಮುಖ್ಯ. 25 ಅಕ್ಷರದ ಪ್ರೋಬ್‌ನ ನಡುವೆ ಒಂದು ಅಕ್ಷರ ತಪ್ಪಿದರೆ ಹಿಡಿತ ಗೊತ್ತಾಗುವಷ್ಟು ಸಡಿಲವಾಗುತ್ತದೆ. 60 ಅಕ್ಷರದ್ದು ಅಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದಕ್ಷರದ ವ್ಯತ್ಯಾಸ ಹುಡುಕಲು ಉದ್ದದ ಪ್ರೋಬ್ ತಂದು, ಆಮೇಲೆ ಯಂತ್ರವನ್ನು ಬೈದರೆ ಹೇಗೆ?

ಬಣ್ಣದ್ದೂ ಒಂದು ತಕರಾರಿದೆ. ಕೆಂಪಿಗೆ ಬಳಸುವ ಸಿವೈ5 ಎಂಬ ಬಣ್ಣ ಗಾಳಿಯ ಓಝೋನ್‌ಗೆ ಸಿಕ್ಕರೆ ಬೇಗ ಹಾಳಾಗುತ್ತದೆ. ಹಸಿರಿನ ಸಿವೈ3 ಅಷ್ಟು ಬೇಗ ಕೆಡುವುದಿಲ್ಲ. ವಾಹನಗಳ ಹೊಗೆ, ಸುಡು ಬಿಸಿಲು ಎರಡೂ ಇರುವ ಮಧ್ಯಾಹ್ನ ನೆಲಮಟ್ಟದ ಓಝೋನ್ ಜಾಸ್ತಿ. ಆಗ ಸ್ಲೈಡ್ ಒಣಗಿಸಿ ಸುಮ್ನೆ ಬಿಟ್ಟರೆ ಚಿತ್ರ ಹಸಿರಿಗೆ ತಿರುಗುತ್ತದೆ. ಜೀನ್‌ಗೆ ಏನೂ ಆಗಿರುವುದಿಲ್ಲ, ಬಣ್ಣ ಸತ್ತಿರುತ್ತದೆ ಅಷ್ಟೇ. ಕೋಣೆಯ ಗಾಳಿಗೆ ಇದ್ದಿಲಿನ ಫಿಲ್ಟರ್ ಹಾಕಿ, ಒಣಗಿದ ಕೂಡಲೇ ಸ್ಕ್ಯಾನ್ ಮಾಡುವುದು ಒಳ್ಳೆಯದು.

ಸ್ಕ್ಯಾನರ್‌ನ ಬೆಳಕು ಬಿದ್ದಾಗ ಗಾಜು, ಪ್ಲಾಸ್ಟಿಕ್ ತಾವೂ ಸ್ವಲ್ಪ ಬೆಳಗುತ್ತವೆ, ಆದರೆ ಅದು ನ್ಯಾನೋಸೆಕೆಂಡುಗಳಲ್ಲಿ ಆರುತ್ತದೆ. ಯುರೋಪಿಯಂ ಎಂಬ ಲೋಹ ಸೇರಿಸಿದ ಬಣ್ಣಗಳ ಬೆಳಕು ನೂರಾರು ಮೈಕ್ರೋಸೆಕೆಂಡು ಉಳಿಯುತ್ತದೆ. ಒಂದು ಕ್ಷಣ ತಡೆದು ಅಳೆದರೆ ಹಿನ್ನೆಲೆಯ ಮಬ್ಬು ಹೋಗಿರುತ್ತದೆ. ಹಾಗಂತ ತಪ್ಪಾಗಿ ಅಂಟಿದ ಎಳೆ ಇದರಿಂದ ಬಿಡುವುದಿಲ್ಲ, ಅಲ್ವಾ?

ಅದಕ್ಕೇ ಒಂದಕ್ಷರ ಹುಡುಕುವ ಅರೇಗಳಲ್ಲಿ ಸರಿಯಾದ ಪ್ರೋಬ್ ಪಕ್ಕದಲ್ಲೇ, ಬೇಕೆಂದೇ ನಡುವಿನ ಅಕ್ಷರ ಬದಲಿಸಿದ ಇನ್ನೊಂದನ್ನು ಇಡಿಸುತ್ತೇನೆ. ಎರಡೂ ಒಂದೇ ಸಮ ಬೆಳಗಿದರೆ ಆ ಸ್ಲೈಡಿನ ಅಂಕಿಗಳು ರಿಪೋರ್ಟಿಗೆ ಹೋಗುವುದಿಲ್ಲ.