ಒಳಗೆ ದೂಳಿದೆ ಸರ್, ತಗೊಳ್ಳಬಹುದಾ?

ಪ್ರಶ್ನೆ: ಸರ್, ನನ್ನ ಹತ್ತಿರ ಕ್ಯಾನನ್ 1500ಡಿ ಕ್ಯಾಮೆರಾ ಇದೆ. ಹಕ್ಕಿ ಫೋಟೊ ತೆಗೆಯೋ ಆಸೆ. 55-250 ಝೂಮ್ ಲೆನ್ಸ್ ಒಂದು ಸೆಕೆಂಡ್ ಹ್ಯಾಂಡ್ ಸಿಕ್ಕಿದೆ, ಹತ್ತು ಸಾವಿರದೊಳಗೆ ಕೊಡ್ತಾರಂತೆ. ಆದರೆ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ದೂಳು ಕಾಣ್ತದೆ. ಫೋಟೊ ಕಳಿಸಿದ್ದೇನೆ. ತಗೊಳ್ಳಬಹುದಾ, ಬೇಡವಾ?

ತಗೊಳ್ಳಿ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಇದೇ ಪ್ರಶ್ನೆ ತಿಂಗಳಿಗೆ ಮೂರು ನಾಲ್ಕು ಸಲ ಬರುತ್ತದೆ. ಕ್ಯಾಮೆರಾ ಬಾಡಿ ಬೇರೆ, ಲೆನ್ಸ್ ಬೇರೆ, ಊರು ಬೇರೆ, ದೂಳು ಮಾತ್ರ ಅದೇ. ಜೊತೆಗೊಂದು ಫೋಟೊ ಇದ್ದೇ ಇರುತ್ತದೆ: ಕತ್ತಲೆ ಕೋಣೆಯಲ್ಲಿ ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ತೆಗೆದದ್ದು, ಒಳಗೆಲ್ಲ ನಕ್ಷತ್ರ ಚೆಲ್ಲಿದ ಹಾಗೆ. ಹಾಗೆ ನೋಡಿದರೆ ಇವತ್ತು ಡಬ್ಬಿಯಿಂದ ತೆಗೆದ ಹೊಸ ಲೆನ್ಸಿನಲ್ಲೂ ನಾಲ್ಕು ಕಣ ಕಂಡೀತು. ಬೆಳಗ್ಗೆ ಹಂಚಿನ ಸಂದಿಯಿಂದ ಬಿಸಿಲುಕೋಲು ಬಿದ್ದಾಗ ಕೋಣೆ ತುಂಬ ದೂಳು ತೇಲುವುದು ಕಾಣುತ್ತದೆ. ಹಾಗಂತ ಯಾರೂ ಮೂಗು ಮುಚ್ಚಿಕೊಂಡು ಕೂತಿಲ್ಲ.

ಮೊದಲು, ದೂಳು ಒಳಗೆ ಹೋದದ್ದು ಹೇಗೆ ಅಂತ ನೋಡಿ. ಝೂಮ್ ರಿಂಗ್ ತಿರುಗಿಸಿದರೆ ಲೆನ್ಸಿನ ಮೂತಿ ಮುಂದೆ ಬರುತ್ತದೆ, ಒಳಗಿನ ಜಾಗ ಹಿಗ್ಗುತ್ತದೆ, ಆ ಜಾಗ ತುಂಬಲು ಗಾಳಿ ನುಗ್ಗುತ್ತದೆ. ವಾಪಸ್ ತಿರುಗಿಸಿದರೆ ಗಾಳಿ ಹೊರಗೆ. ಥೇಟ್ ಕಮ್ಮಾರನ ತಿದಿ. ಕ್ಯಾನನ್ನಿನ ಹಳೆಯ 100-400ರಲ್ಲಿ ಮೂತಿಯನ್ನು ಕೈಯಲ್ಲೇ ಹಿಂದೆ ಮುಂದೆ ಎಳೆಯಬೇಕಿತ್ತು. ಅದಕ್ಕೆ ‘ಡಸ್ಟ್ ಪಂಪ್’ ಅಂತ ಅಡ್ಡಹೆಸರೇ ಇತ್ತು. ಜನ ಅದರಲ್ಲೇ ವರ್ಷಗಟ್ಟಲೆ ಹುಲಿ, ಹದ್ದು ಎಲ್ಲ ತೆಗೆದರು.

ನಂಬಿಕೆ ಬಾರದವರಿಗೆ ನಾನು ಮಾಡಿಸುವ ಪ್ರಯೋಗ ಒಂದಿದೆ. ಮನೆಯಲ್ಲಿ ಕನ್ನಡಿಯ ಅಂಚಿಗೆ ಅಂಟಿಸಿಟ್ಟ ಸ್ಟಿಕ್ಕರ್ ಬೊಟ್ಟು ಸಿಗುತ್ತದೆ. ಹುಬ್ಬಳ್ಳಿ ಕಡೆಯವರು ಟಿಕಳಿ ಅನ್ನಿ. 5 ಮಿ.ಮೀ. ಅಗಲದ್ದು ಸಾಕು. ಲೆನ್ಸಿನ ಗಾಜಿಗೇ ಅಂಟಿಸಬೇಡಿ, ಗೋಂದು ಬಿಡಿಸುವಷ್ಟರಲ್ಲಿ ನನ್ನನ್ನು ಬೈದುಕೊಳ್ಳುತ್ತೀರಿ. ಲೆನ್ಸಿನ ಮುಂದೆ ಹಾಕುವ ಗಾಜು, ಹಳೆಯ ಯುವಿ ಫಿಲ್ಟರಿನ ನಟ್ಟನಡುವೆ ಅಂಟಿಸಿ, ಅದನ್ನು ಲೆನ್ಸಿಗೆ ತಿರುಗಿಸಿ ಹಾಕಿ. 250ಕ್ಕೆ ಝೂಮ್ ಮಾಡಿ, ಅಪರ್ಚರ್ (ಬೆಳಕು ಹಾಯುವ ಕಿಂಡಿ) ಎಫ್/5.6 ಇಟ್ಟು, ಎದುರುಮನೆ ತೆಂಗಿನ ಮರದ ಗೊನೆ ತೆಗೆಯಿರಿ. ಆಮೇಲೆ ಫಿಲ್ಟರ್ ತೆಗೆದು ಇನ್ನೊಂದು. ಎರಡನ್ನೂ ಅಕ್ಕಪಕ್ಕ ಇಟ್ಟು ಯಾವುದರಲ್ಲಿ ಬೊಟ್ಟಿದೆ ಹೇಳಿ. ನನ್ನ ಹತ್ತಿರ ಕಲಿಯಲು ಬಂದವರಲ್ಲಿ ಊಹೆ ಮಾಡದೆ, ನೋಡಿಯೇ ಹೇಳಿದವರು ಇವತ್ತಿನವರೆಗೂ ಒಬ್ಬರಿಲ್ಲ. ಇದು ಹೇಳಿಕೊಳ್ಳಲು ನನಗೆ ಸ್ವಲ್ಪ ಖುಷಿಯೇ.

ಕಾರಣ ಕಷ್ಟದ್ದಲ್ಲ. ಲೆನ್ಸಿನ ಗಾಜನ್ನು ಕಿಟಕಿ ಅಂದುಕೊಂಡದ್ದೇ ತಪ್ಪು. ಕಿಟಕಿಯ ಎಡಮೂಲೆಯಲ್ಲಿ ಕಲೆ ಇದ್ದರೆ ಎಡಮೂಲೆಯ ನೋಟ ಮರೆಯಾಗುತ್ತದೆ. ಲೆನ್ಸಿನಲ್ಲಿ ಹಾಗಿಲ್ಲ. ಗೊನೆಯ ಒಂದೊಂದು ಕಾಯಿಂದಲೂ ಹೊರಟ ಬೆಳಕು ಮುಂದಿನ ಗಾಜಿನಲ್ಲಿ ಅಗಲವಾಗಿ ಹರಡಿ ಒಳಗೆ ಬಂದು, ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ಮತ್ತೆ ಒಂದು ಚುಕ್ಕಿಯಾಗಿ ಸೇರುತ್ತದೆ. ಬೊಟ್ಟು ಯಾವ ಒಂದು ಕಾಯಿಯನ್ನೂ ಮರೆಮಾಡುವುದಿಲ್ಲ. ಎಲ್ಲ ಕಾಯಿಗಳ ಬೆಳಕಿನಿಂದಲೂ ಚೂರುಚೂರು ಕಡಿಮೆ ಮಾಡುತ್ತದೆ, ಅಷ್ಟೆ. ಎಷ್ಟು ಚೂರು? ಲೆನ್ಸಿನ ಫೋಕಲ್ ಉದ್ದ 250 ಮಿ.ಮೀ.ಯನ್ನು ಎಫ್ ಸಂಖ್ಯೆ 5.6ರಿಂದ ಭಾಗಿಸಿದರೆ ಬೆಳಕು ಹಾಯುವ ಕಿಂಡಿಯ ಅಗಲ ಸುಮಾರು 45 ಮಿ.ಮೀ. ಅದರಲ್ಲಿ 5 ಮಿ.ಮೀ. ಬೊಟ್ಟು ತಡೆಯುವುದು ಎಂಬತ್ತರಲ್ಲಿ ಒಂದು ಪಾಲು ಬೆಳಕು. ನೀವು ಕಳಿಸಿದ ಫೋಟೊದಲ್ಲಿರುವ ಕಣ ಅರ್ಧ ಮಿ.ಮೀ. ಅಂತಲೇ ಇಟ್ಟುಕೊಳ್ಳಿ, ಅದು ತಡೆಯುವುದು ಎಂಟು ಸಾವಿರದಲ್ಲಿ ಒಂದು ಪಾಲು. ಇದಕ್ಕೆ ರಾತ್ರಿ ನಿದ್ದೆ ಕೆಡಿಸಿಕೊಂಡಿದ್ದೀರಿ.

ಬೊಟ್ಟು ಕಾಣುವುದೇ ಇಲ್ಲವೇ ಅಂದರೆ, ಕಾಣುತ್ತದೆ. ಅದೇ ಲೆನ್ಸನ್ನು 55ಕ್ಕೆ ಇಳಿಸಿ, ಎಫ್/22ಕ್ಕೆ ಮುಚ್ಚಿ, ಆಕಾಶಕ್ಕೆ ಹಿಡಿಯಿರಿ. ಈಗ ಕಿಂಡಿಯ ಅಗಲ ಬರೀ ಎರಡೂವರೆ ಮಿ.ಮೀ., ಬೊಟ್ಟೇ ಅದಕ್ಕಿಂತ ದೊಡ್ಡದು. ನಡುವೆ ಮಸಿಕೈ ಒರೆಸಿದಂಥ ಮಬ್ಬು ಬರುತ್ತದೆ. ದೀಪಾವಳಿ ಸರದ ದೀಪಗಳನ್ನು ಹಿನ್ನೆಲೆಯಲ್ಲಿ ಫೋಕಸ್ ತಪ್ಪಿಸಿ ತೆಗೆದರೂ, ಒಂದೊಂದು ಬೆಳಕಿನ ಗುಂಡಿನೊಳಗೂ ಬೊಟ್ಟಿನ ನೆರಳು ಕೂತಿರುತ್ತದೆ. ಅದು ಬೊಟ್ಟಿನ ಮಾತು. ದೂಳಿನ ಕಣ ಅಷ್ಟು ದೊಡ್ಡದಿದ್ದರೆ ಅದನ್ನು ದೂಳು ಅನ್ನುವುದಿಲ್ಲ, ಕಲ್ಲು ಅನ್ನುತ್ತಾರೆ.

“ಇಲ್ಲ ಸರ್, ನನ್ನ ಫೋಟೊದಲ್ಲಿ ನಿಜವಾಗ್ಲೂ ಕಪ್ಪು ಚುಕ್ಕಿ ಬರ್ತಿದೆ” ಅನ್ನುವವರಿಗೆ: ಲೆನ್ಸ್ ಬದಲಿಸಿ, ಎಫ್/16ರಲ್ಲಿ ಆಕಾಶ ತೆಗೆಯಿರಿ. ಚುಕ್ಕಿ ಅದೇ ಜಾಗದಲ್ಲಿ ಕೂತಿದ್ದರೆ ದೂಳು ನಿಮ್ಮ ಸೆನ್ಸರಿನ ಮೇಲಿದೆ. ಪಾಪ, ಲೆನ್ಸ್ ಮಾರುವವರ ಹತ್ತಿರ ಸಾವಿರ ರೂಪಾಯಿ ಚೌಕಾಸಿ ಮಾಡಿರುತ್ತೀರಿ.

ಇಷ್ಟೆಲ್ಲ ಪಾಠ ಹೇಳುವ ನಾನೂ ಒಂದು ಕಾಲದಲ್ಲಿ ಟಾರ್ಚ್ ಹಿಡಿದು ಹೋದವನೇ. 2015ರಲ್ಲಿ ಎರಡು ಕಣ ದೂಳಿದೆ ಅಂತ ಒಂದು ಒಳ್ಳೆಯ 55-250 ಬಿಟ್ಟು, ಬೆಂಗಳೂರಿನಲ್ಲಿ ಇನ್ನೊಬ್ಬರಿಂದ 70-300 ತಂದೆ. ತೊಳೆದಿಟ್ಟ ಮುತ್ತಿನ ಹಾಗಿತ್ತು, ಒಳಗೆ ಒಂದು ಕಣವಿಲ್ಲ. ಮಂಡಗದ್ದೆಗೆ ಹೋಗಿ ತುಂಗೆಯ ನಡುಗಡ್ಡೆಯ ಮರದಲ್ಲಿ ಕೂತ ಬೆಳ್ಳಕ್ಕಿ ಹಿಂಡು ತೆಗೆದೆ. ಎಡಗಡೆಯ ಹಕ್ಕಿಗಳ ಗರಿ ಎಣಿಸಬಹುದು, ಬಲಗಡೆಯವು ಬೆಣ್ಣೆ ಮೆತ್ತಿದ ಹಾಗೆ. ಮನೆಗೆ ಬಂದು ಲೆನ್ಸ್ ತಿರುಗಿಸಿ ನೋಡಿದರೆ ಮೌಂಟಿನ, ಅಂದರೆ ಕ್ಯಾಮೆರಾಕ್ಕೆ ಕೂರುವ ಬಳೆಯ, ಸ್ಕ್ರೂಗಳ ತಲೆ ಸವೆದು ಹೊಳೆಯುತ್ತಿದ್ದವು. ಯಾರೋ ಬಿಚ್ಚಿ, ದೂಳು ಒರೆಸಿ, ಒಳಗಿನ ಗಾಜನ್ನು ಕೂದಲೆಳೆಯಷ್ಟು ಓರೆಯಾಗಿ ಕೂರಿಸಿದ್ದರು. ಅಂದಿನಿಂದ, ಹತ್ತು ವರ್ಷದ ಝೂಮ್ ಲೆನ್ಸಿನಲ್ಲಿ ದೂಳೇ ಇಲ್ಲದಿದ್ದರೆ ನನ್ನ ಕಣ್ಣು ಮೊದಲು ಹೋಗುವುದು ಸ್ಕ್ರೂಗಳ ಮೇಲೆ.

ಟಾರ್ಚ್ ಬಿಸಾಡಿ ಅನ್ನುತ್ತಿಲ್ಲ. ಹುಡುಕಬೇಕಾದ್ದು ಬೇರೆ ಎರಡಿವೆ. ಒಂದು ಫಂಗಸ್, ನಮ್ಮ ಬೂಸ್ಟು. ದೂಳು ಚುಕ್ಕಿ ಚುಕ್ಕಿಯಾಗಿರುತ್ತದೆ. ಬೂಸ್ಟು ಎಳೆ ಎಳೆಯಾಗಿ, ಕವಲೊಡೆದು, ಗರಿಕೆ ಬೇರಿನ ಹಾಗೆ ಹೆಚ್ಚಾಗಿ ಗಾಜಿನ ಅಂಚಿನಿಂದ ಒಳಕ್ಕೆ ಹಬ್ಬಿರುತ್ತದೆ. ಬಹಳ ದಿನ ಬಿಟ್ಟರೆ ಗಾಜಿನ ಕೋಟಿಂಗನ್ನೇ ತಿನ್ನುತ್ತದೆ, ಆಮೇಲೆ ಒರೆಸಿದರೂ ಗುರುತು ಹೋಗದು. ಇನ್ನೊಂದು ಮಬ್ಬು: ಹಾಲು ಕುಡಿದು ಬರೀ ನೀರಲ್ಲಿ ಕುಲುಕಿಟ್ಟ ಗಾಜಿನ ಲೋಟದ ಹಾಗೆ ಇಡೀ ಗಾಜು ಮಂಕಾಗಿರುತ್ತದೆ. ಇಂಥ ಲೆನ್ಸಿನಲ್ಲಿ ಬಿಸಿಲಿಗೆದುರಾಗಿ ತೆಗೆದದ್ದೆಲ್ಲ ಬೆಳ್ಳಗೆ, ಸಪ್ಪೆ. ಇವೆರಡರಲ್ಲಿ ಯಾವುದಿದ್ದರೂ ನಮಸ್ಕಾರ ಹೇಳಿ ಬನ್ನಿ.

ಮಿಕ್ಕಿದ್ದನ್ನು ಟಾರ್ಚ್ ಹೇಳುವುದಿಲ್ಲ, ಕ್ಯಾಮೆರಾವೇ ಹೇಳಬೇಕು. ನಿಮ್ಮ ಬಾಡಿ, ಟ್ರೈಪಾಡ್ ತೆಗೆದುಕೊಂಡು ಹೋಗಿ. ದಿನಪತ್ರಿಕೆಯ ವರ್ಗೀಕೃತ ಜಾಹೀರಾತಿನ ಪುಟವನ್ನು ಗೋಡೆಗೆ ನೆಟ್ಟಗೆ ಅಂಟಿಸಿ, ನೇರ ಎದುರಿಗೆ ನಿಂತು, ಅಪರ್ಚರ್ ಪೂರ್ತಿ ತೆರೆದು 55, 135, 250ರಲ್ಲಿ ಒಂದೊಂದು ತೆಗೆಯಿರಿ. ನಾಲ್ಕು ಮೂಲೆಯ ಅಕ್ಷರಗಳು ಒಂದೇ ಸಮ ಇದ್ದರೆ ಸರಿ. ಮೂಲೆಗಳೆಲ್ಲ ಚೂರು ಮೆತ್ತಗಿದ್ದರೂ ಚಿಂತೆಯಿಲ್ಲ, ಅದು ಅಗ್ಗದ ಝೂಮಿನ ಹುಟ್ಟುಗುಣ. ಒಂದೇ ಕಡೆ ಮೆತ್ತಗಿದ್ದರೆ ನನ್ನ ಬೆಳ್ಳಕ್ಕಿ ನೆನಪಿಸಿಕೊಳ್ಳಿ. ನಂತರ ಎವಿ ಮೋಡಿನಲ್ಲಿ (ಅಪರ್ಚರ್ ನಾವಿಟ್ಟರೆ ಶಟರ್ ವೇಗ ಕ್ಯಾಮೆರಾವೇ ಹೊಂದಿಸುತ್ತದೆ) ಎಫ್/5.6, 11, 22 ಮೂರರಲ್ಲೂ ಅದೇ ಗೋಡೆ ತೆಗೆಯಿರಿ. ಮೂರೂ ಒಂದೇ ಬೆಳಕಿನಲ್ಲಿ ಬರಬೇಕು. 22ರದ್ದು ಬೆಳ್ಳಗೆ ಬಂದರೆ ಅಪರ್ಚರ್ ಎಲೆಗಳಿಗೆ ಎಣ್ಣೆ ಇಳಿದು ಸಮಯಕ್ಕೆ ಮುಚ್ಚುತ್ತಿಲ್ಲ. ಹತ್ತಿರ, ದೂರ ಹತ್ತು ಸಲ ಫೋಕಸ್ ಮಾಡಿಸಿ. ಝೂಮ್ ರಿಂಗಿನಲ್ಲಿ ಕರಕರ ಸದ್ದು ಬಂದರೆ ಲೆನ್ಸ್ ಸಮುದ್ರ ನೋಡಿಬಂದಿದೆ, ಮರಳು. ಮೂತಿ ಕೆಳಗೆ ಮಾಡಿದಾಗ ಝೂಮ್ ತಾನಾಗಿ ಜಾರುವುದು ವಯಸ್ಸಿನ ದೋಷ, ಅದು ಇರಲಿ.

ಯಾವ ಲೆನ್ಸ್ ಎನ್ನುವುದಕ್ಕೆ ಉದ್ದ ಮಾತಿಲ್ಲ. ನಿಮ್ಮ ಬಜೆಟ್ಟಿಗೆ ಕ್ಯಾನನ್ 55-250 ಸರಿ, 2013ರಲ್ಲಿ ಬಂದ ಅದರ ಎಸ್‌ಟಿಎಂ ಮಾದರಿ ಸಿಕ್ಕರೆ ಇನ್ನೂ ಒಳ್ಳೆಯದು. 75-300 ಕಡಿಮೆಗೆ ಕೊಡುತ್ತಾರೆ, 300 ಅಂತ ಬರೆದಿದೆ ಅಂತ ಆಸೆಪಡಬೇಡಿ. ಅದರ ಸಾಮಾನ್ಯ ಮಾದರಿಗಳಲ್ಲಿ ಕೈನಡುಕ ತಡೆಯುವ ಐಎಸ್ ಇಲ್ಲ, ತುದಿಯಲ್ಲಿ ಚಿತ್ರವೂ ಮಂದ. ನಿಕಾನ್‌ನವರಿಗೆ ಒಂದೇ ಎಚ್ಚರಿಕೆ, ಹೆಸರಿನ ಅಕ್ಷರ ಓದಿ. ಎಎಫ್-ಡಿ ಲೆನ್ಸ್ ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಆಟೋ ಫೋಕಸ್ ಆಗದು, ಆ ಬಾಡಿಗಳಲ್ಲಿ ಫೋಕಸ್ ತಿರುಗಿಸುವ ಮೋಟಾರೇ ಇಲ್ಲ. ಎಎಫ್-ಪಿ ಲೆನ್ಸ್ ಡಿ90, ಡಿ7000, ಡಿ3100, ಡಿ5100ಗಳಲ್ಲಿ ಕೆಲಸ ಮಾಡದು. ಎಎಫ್-ಎಸ್ ಇವೆಲ್ಲಕ್ಕೂ ಆಗುತ್ತದೆ.

ಇನ್ನು ಯಾರೂ ಕೇಳದ ಪ್ರಶ್ನೆ: ಕೊಂಡು ತಂದದ್ದನ್ನು ಮಳೆಗಾಲದಲ್ಲಿ ಎಲ್ಲಿಡುತ್ತೀರಿ? ಬೂಸ್ಟು ಬಂದ ಲೆನ್ಸ್ ಪಕ್ಕದಲ್ಲಿಟ್ಟರೆ ಇದಕ್ಕೂ ಅಂಟುತ್ತದೆ ಅಂತ ಹೆದರುವವರೇ ಕ್ಯಾಮೆರಾವನ್ನು ಜೂನಿನಿಂದ ಸೆಪ್ಟೆಂಬರ್‌ವರೆಗೆ ಬ್ಯಾಗಿನಲ್ಲೇ ಮುಚ್ಚಿಟ್ಟಿರುತ್ತಾರೆ. ಬೂಸ್ಟಿನ ಬೀಜ ಗಾಳಿಯಲ್ಲೇ ಇದೆ, ನಿಮ್ಮ ಲೆನ್ಸಿನೊಳಗೂ ಈಗಾಗಲೇ ಇದ್ದೀತು. ಅದಕ್ಕೆ ಬೇಕಾದ್ದು ತೇವ, ಕತ್ತಲೆ, ಅಲುಗಾಡದ ಗಾಳಿ. ಮೂರನ್ನೂ ಪುಕ್ಕಟೆ ಕೊಡುವ ಜಾಗ ಕ್ಯಾಮೆರಾ ಬ್ಯಾಗ್, ಅದರಲ್ಲೂ ಚರ್ಮದ ಚೀಲ. ಕರಾವಳಿಯವರು, ನಮ್ಮ ಮಲೆನಾಡಿನವರು ಆಟಿ ತಿಂಗಳಲ್ಲಿ ಬೀರು ತೆಗೆದಾಗ ಬೆಲ್ಟು, ಚಪ್ಪಲಿ ಏನಾಗಿರುತ್ತದೆ ನೋಡಿದ್ದೀರಲ್ಲ.

ಅಕ್ಕಿ ಡಬ್ಬದಲ್ಲಿ ಹೂತಿಡುವವರಿದ್ದಾರೆ. ಅಕ್ಕಿಯ ತೌಡು ಲೆನ್ಸಿನ ತಿದಿಯೊಳಗೆ ಹೋದರೆ ಆಗ ನಿಜವಾಗಿಯೂ ದೂಳಿನ ಬಗ್ಗೆ ಬರೆಯಬಹುದು ನನಗೆ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ಸಾಕು. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಕಾಲು ಕೆಜಿ ಬಟ್ಟೆಚೀಲದಲ್ಲಿ ಕಟ್ಟಿ, ಜೊತೆಗೆ ತೇವ ಅಳೆಯುವ ಪುಟ್ಟ ಹೈಗ್ರೋಮೀಟರ್. ಮುಳ್ಳು ಶೇಕಡಾ 40ರಿಂದ 50ರೊಳಗೆ ಇದ್ದರೆ ನೆಮ್ಮದಿ, 60 ದಾಟಿದರೆ ಜೆಲ್ ಒಣಗಿಸುವ ಹೊತ್ತು. ನೀಲಿ ಜೆಲ್ ತೇವ ಕುಡಿದು ಗುಲಾಬಿಯಾಗುತ್ತದೆ. ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿ. ಆದರೆ ಆ ನೀಲಿಯಲ್ಲಿರುವುದು ಕೋಬಾಲ್ಟ್, ಅಡುಗೆಗೆ ಬಳಸುವ ಬಾಣಲೆಗೆ ಹಾಕುವಂಥದ್ದಲ್ಲ. ನಮ್ಮ ಮನೆಯಲ್ಲಿ ಅದಕ್ಕೆಂದೇ ಹಿಡಿ ಮುರಿದ ಒಂದು ಹಳೆಯ ಹೆಂಚಿದೆ, ಬಚ್ಚಲೊಲೆಯ ಪಕ್ಕ. ಮೊದಲ ಸಲ ಜೆಲ್ ಹುರಿದದ್ದು ದೋಸೆ ಕಾವಲಿಯಲ್ಲಿ. ಅವತ್ತು ಹೊಸ ಕಾವಲಿ ತರಲು ಪೇಟೆಗೆ ಹೋದವನೂ ನಾನೇ.